ಹಳೆ ಮಾರುತಿಯ ಆಕ್ಸಿಲರೇಟರ್ ಗಟ್ಟಿಯಾದರೆ: ಹಿಡಿದಿರುವುದು ಎಲ್ಲಿ?

ಮಲೆನಾಡಿನ ಮನೆಗಳ ಅಂಗಳದಲ್ಲಿ ಇನ್ನೂ ಬೇಕಾದಷ್ಟು ಮಾರುತಿ 800 ನಿಂತಿವೆ. ಕೆಲವು ದಿನಾ ಓಡುತ್ತವೆ. ಕೆಲವು ಆರಿದ್ರಾ ಮಳೆಗೆ ಶೆಡ್ ಸೇರಿದರೆ ದೀಪಾವಳಿ ಹೊತ್ತಿಗೇ ಹೊರಗೆ ಬರುವುದು. ಹೀಗೆ ನಿಂತ ಗಾಡಿಗಳಿಗೆ ಸಾಮಾನ್ಯವಾಗಿ ಬರುವ ದೂರು ಒಂದಿದೆ. ಆಕ್ಸಿಲರೇಟರ್ ಪೆಡಲ್ ಗಟ್ಟಿ. ಒತ್ತಿದರೆ ಹೋಗುವುದಿಲ್ಲ, ಹೋದರೆ ವಾಪಸ್ ಬರುವುದಿಲ್ಲ.

ಇದನ್ನು ಯಾರ ಹತ್ತಿರ ಹೇಳಿದರೂ "ಕೇಬಲ್ ಹಾಕ್ಸಿ ಮಾರಾಯ್ರೇ" ಎನ್ನುತ್ತಾರೆ. ನನ್ನ ತಕರಾರು ಇರುವುದು ಅಲ್ಲೇ. ನಿಮ್ಮ ಪಾದದಿಂದ ಎಂಜಿನ್ನಿನವರೆಗೆ ಮೂರು ಭಾಗ ಇವೆ: ಪೆಡಲ್, ಕೇಬಲ್, ಎಂಜಿನ್ನಿಗೆ ಪೆಟ್ರೋಲ್ ಮತ್ತು ಗಾಳಿ ಬೆರೆಸಿ ಕೊಡುವ ಕಾರ್ಬುರೇಟರ್. ಹಿಡಿದಿರುವುದು ಯಾವುದು ಎಂದು ನೋಡದೆ ಹೊಸ ಕೇಬಲ್ ಹಾಕಿದರೆ ದುಡ್ಡೂ ಹೋಯಿತು, ದೋಷವೂ ಉಳಿಯಿತು. ಹುಡುಕುವುದು ದೊಡ್ಡ ಕೆಲಸ ಅಲ್ಲ. ಒಂದು ಇಕ್ಕಳ, ಒಂದೆರಡು ಸ್ಪ್ಯಾನರ್, ಒಂದು ಟಾರ್ಚ್ ಸಾಕು.

ಇಲ್ಲಿ ಬರೆದಿರುವುದು ಮುಖ್ಯವಾಗಿ ಕಾರ್ಬುರೇಟರ್ ಇರುವ ಹಳೆ ಗಾಡಿಗಳಿಗೆ. ಮಾರುತಿ 800 ರಸ್ತೆಗೆ ಬಂದಿದ್ದು 1983ರ ಡಿಸೆಂಬರ್‌ನಲ್ಲಿ, ಮೂರು ಸಿಲಿಂಡರಿನ 796 ಸಿಸಿ ಎಂಜಿನ್ ಹೊತ್ತುಕೊಂಡು. 2014ರಲ್ಲಿ ತಯಾರಿಕೆ ನಿಂತಿತು. ನಡುವೆ ಎಂಪಿಎಫ್‌ಐ, ಅಂದರೆ ಪೆಟ್ರೋಲನ್ನು ಇಂಜೆಕ್ಟರಿನಿಂದ ಚಿಮ್ಮಿಸುವ ಎಂಜಿನ್, ಬಂತು. ಅದರಲ್ಲೂ ಕೇಬಲ್ ಇದೆ, ಕಾರ್ಬುರೇಟರಿನ ಜಾಗದಲ್ಲಿ ಗಾಳಿಯನ್ನು ಮಾತ್ರ ಹಿಡಿದು ಬಿಡುವ ಥ್ರಾಟಲ್ ಬಾಡಿ ಕೂತಿದೆ ಅಷ್ಟೆ. ಹಾಗಾಗಿ ಹುಡುಕುವ ಕ್ರಮ ಎರಡಕ್ಕೂ ಒಂದೇ. ಕೇಬಲ್ ಬದಲು ಸರಳಿನ ಜೋಡಣೆ ಇರುವ ಇನ್ನೂ ಹಳೆ ಗಾಡಿ ನಿಮ್ಮದಾಗಿದ್ದರೆ, ಕೇಬಲ್ ಎಂದು ಬರೆದ ಕಡೆ ಆ ಸರಳಿನ ಕೀಲುಗಳು ಎಂದು ಓದಿಕೊಳ್ಳಿ. ಅಲ್ಲಿ ತುಕ್ಕು ಹಿಡಿಯುವುದು ಕೀಲಿನಲ್ಲಿ.

ಗಟ್ಟಿ ಇದ್ದರೆ ಕಾಲು ನೋವು, ವಾಪಸ್ ಬರದಿದ್ದರೆ ಅಪಾಯ

ಪೆಡಲ್ ಭಾರ ಇದೆ, ಆದರೆ ಕಾಲು ತೆಗೆದ ಕೂಡಲೇ ಟಪಕ್ಕನೆ ಮೇಲೆ ಬರುತ್ತದೆ ಎಂದಾದರೆ ನಿಧಾನಕ್ಕೆ ಸರಿ ಮಾಡಬಹುದು. ಕಾಲು ತೆಗೆದ ಮೇಲೂ ಎಂಜಿನ್ ರೇಸ್ ಇಳಿಯುವುದಿಲ್ಲ ಎಂದಾದರೆ ಗಾಡಿ ಅಂಗಳ ಬಿಟ್ಟು ಹೋಗಬಾರದು. ಆಗುಂಬೆ ಘಾಟಿಯಲ್ಲಿ 14 ಹಿಮ್ಮುರಿ ತಿರುವು ಇವೆ. ಅಲ್ಲಿ ಇಳಿಯುವಾಗ ತಿರುವಿಗೆ ಮುಂಚೆ ಕಾಲು ತೆಗೆದೂ ಗಾಡಿ ಎಳೆಯುತ್ತಿದ್ದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಓಡಿಸುತ್ತಿರುವಾಗಲೇ ಹೀಗಾದರೆ ಕ್ಲಚ್ ಪೂರ್ತಿ ಒತ್ತಿ, ಬ್ರೇಕ್ ಗಟ್ಟಿಯಾಗಿ ಒಂದೇ ಸಲ ಹಿಡಿಯಿರಿ. ಎಂಜಿನ್ ಕಿರುಚುತ್ತದೆ, ಹೆದರಬೇಡಿ. ಕೀಲಿಯನ್ನು ಒಂದೇ ಹೆಜ್ಜೆ ಹಿಂದಕ್ಕೆ ತಿರುಗಿಸಿ ಎಂಜಿನ್ ಆಫ್ ಮಾಡಿ. ಕೀಲಿ ಹೊರಗೆ ಎಳೆಯಬೇಡಿ, ಸ್ಟೀರಿಂಗ್ ಲಾಕ್ ಆಗುತ್ತದೆ. ಬ್ರೇಕ್ ಬೂಸ್ಟರ್ (ಎಂಜಿನ್ನಿನ ನಿರ್ವಾತದಿಂದ ಬ್ರೇಕ್ ಹಗುರ ಮಾಡುವ ಡಬ್ಬಿ) ಇರುವ ಗಾಡಿಯಾದರೆ ಎಂಜಿನ್ ನಿಂತ ಮೇಲೂ ಒಂದೆರಡು ಸಲ ಒತ್ತುವಷ್ಟು ಬಲ ಅದರಲ್ಲಿ ಉಳಿದಿರುತ್ತದೆ. ಆಮೇಲೆ ಪೆಡಲ್ ಭಾರವಾಗುತ್ತದೆ. ಅದಕ್ಕೇ ಪಂಪ್ ಮಾಡದೆ ಒಂದೇ ಸಲ ಹಿಡಿಯಿರಿ ಎಂದಿದ್ದು. ಪಕ್ಕಕ್ಕೆ ನಿಲ್ಲಿಸಿದ ಮೇಲೆ ಬಾಗಿ ಪೆಡಲನ್ನು ಕೈಯಿಂದ ಮೇಲಕ್ಕೆ ಎಳೆದು ನೋಡಬಹುದು. ಗಾಡಿ ಓಡುವಾಗ ಬೂಟಿನ ತುದಿಯಿಂದ ಎತ್ತುವ ಸರ್ಕಸ್ ಮಾತ್ರ ಬೇಡ.

ಬಾನೆಟ್ ಎತ್ತುವ ಮುಂಚೆ ಮ್ಯಾಟ್ ಎತ್ತಿ

ಕೇಳಿದರೆ ನಗು ಬರಬಹುದು. ಆದರೆ ಮಳೆಗಾಲದಲ್ಲಿ ನಮ್ಮ ಕಡೆ ಗಾಡಿಯೊಳಗೆ ರಬ್ಬರ್ ಮ್ಯಾಟ್, ಅದರ ಮೇಲೆ ನಾರಿನ ಮ್ಯಾಟ್, ಕೆಸರಾಗದಿರಲಿ ಎಂದು ಅದರ ಮೇಲೆ ಒಂದು ಗೋಣಿಚೀಲ. ಅದರ ಮಡಿಕೆ ಪೆಡಲಿನ ಕೆಳಗೆ ಸೇರಿದರೆ ಒತ್ತಲು ಆಗುವುದಿಲ್ಲ, ಮೇಲೆ ಹತ್ತಿ ಕೂತರೆ ವಾಪಸ್ ಬರುವುದಿಲ್ಲ. ಎಲ್ಲ ತೆಗೆದು ಹೊರಗೆ ಹಾಕಿ ಇನ್ನೊಮ್ಮೆ ಒತ್ತಿ ನೋಡಿ.

ಇನ್ನೊಂದು ವಿಷಯ ಇಲ್ಲೇ ಗಮನಿಸಿ, ಯಾವಾಗ ಗಟ್ಟಿಯಾಗುತ್ತದೆ? ಎಂಜಿನ್ ಬಂದ್ ಇದ್ದಾಗ ಹಗುರ, ಸ್ಟಾರ್ಟ್ ಆದ ಮೇಲೆ ಮೊದಲ ಚೂರು ಮಾತ್ರ ಹಿಡಿದು ಆಮೇಲೆ ಗಾಡಿ ಜಿಗಿಯುತ್ತದೆ ಎಂದರೆ ಅನುಮಾನ ಕಾರ್ಬುರೇಟರಿನ ಮೇಲೆ. ತಣ್ಣಗಿದ್ದಾಗ ಸರಿ, ಬಿಸಿಯಾದ ಮೇಲೆ ಗಟ್ಟಿ ಎಂದರೆ ಕೇಬಲ್ಲಿನ ಹೊರಕವಚ ಎಲ್ಲೋ ಸೈಲೆನ್ಸರ್ ಪೈಪಿನ ಬುಡಕ್ಕೆ ತಾಗಿ ಮೆತ್ತಗಾಗುತ್ತಿದೆ. ಬೆಳಿಗ್ಗೆ ಗಟ್ಟಿ, ಮಧ್ಯಾಹ್ನ ಸರಿ ಎಂದರೆ ಒಳಗೆ ಏನೋ ಹೆಪ್ಪುಗಟ್ಟಿದೆ. ಯಾವ ಹೊತ್ತಿನಲ್ಲೂ ಒಂದೇ ಸಮ ಗಟ್ಟಿ ಎಂದರೆ ತುಕ್ಕು, ಇಲ್ಲವೇ ಕೇಬಲ್ ಬಾಗಿದ ರೀತಿ ಸರಿ ಇಲ್ಲ.

ಬೇರ್ಪಡಿಸಿ ನೋಡುವುದು

ಎಂಜಿನ್ ಬಂದ್ ಮಾಡಿ, ತಣ್ಣಗಾಗಲಿ. ಬಾನೆಟ್ ಎತ್ತಿ, ಏರ್ ಕ್ಲೀನರ್ ಅಡ್ಡ ಬಂದರೆ ಬಿಚ್ಚಿ ಪಕ್ಕಕ್ಕಿಡಿ. ಕಾರ್ಬುರೇಟರಿನ ಬಾಯಿ ತೆರೆದಿದ್ದರೆ ಶುದ್ಧ ಬಟ್ಟೆ ಮುಚ್ಚಿ. ಒಂದು ನಟ್ ಒಳಗೆ ಬಿದ್ದರೆ ಕೇಬಲ್ ವಿಷಯ ಮರೆತು ಬೇರೆ ಕೆಲಸ ಶುರುವಾಗುತ್ತದೆ.

ಕಾರ್ಬುರೇಟರಿನ ಪಕ್ಕದಲ್ಲಿ ಕೇಬಲ್ ಬಂದು ಸೇರುವ ಲಿವರ್ ಕಾಣುತ್ತದೆ. ಅದನ್ನು ಕೈಯಿಂದಲೇ ಪೂರ್ತಿ ತಿರುಗಿಸಿ ಹಿಡಿಯಿರಿ. ಒಳತಂತಿ ಸಡಿಲವಾಗುತ್ತದೆ. ತುದಿಯ ಗುಂಡನ್ನು ಅದರ ಗೂಡಿನಿಂದ ಪಕ್ಕಕ್ಕೆ ಜಾರಿಸಿ ಬಿಡಿಸಿ. ಈಗ ಪೆಡಲ್ ಮತ್ತು ಕೇಬಲ್ ಒಂದು ಕಡೆ, ಕಾರ್ಬುರೇಟರ್ ಇನ್ನೊಂದು ಕಡೆ ಆಯಿತು.

ಲಿವರನ್ನು ಬೆರಳಲ್ಲಿ ತಿರುಗಿಸಿ ಬಿಡಿ. ಸ್ಪ್ರಿಂಗ್ ಬಲಕ್ಕೆ ಅದು ಟಕ್ ಎಂದು ಪೂರ್ತಿ ಮುಚ್ಚಿಕೊಳ್ಳಬೇಕು. ಎಳೆದಾಡಿಕೊಂಡು ಬಂದರೆ, ಕೊನೆಯ ಚೂರು ಮುಚ್ಚದೆ ನಿಂತರೆ, ದೋಷ ಇಲ್ಲಿದೆ. ಕೇಬಲ್ ಬದಲಿಸಿ ಪ್ರಯೋಜನ ಇಲ್ಲ.

ಲಿವರ್ ಸರಿ ಇದ್ದರೆ ಒಳತಂತಿಯ ತುದಿ ಹಿಡಿದು ಹಿಂದೆ ಮುಂದೆ ಎಳೆಯಿರಿ, ಇನ್ನೊಬ್ಬರು ಪೆಡಲ್ ಮೆಲ್ಲಗೆ ಒತ್ತಿ ಬಿಡಲಿ. ಗರಗಸ ಎಳೆದ ಹಾಗೆ ಕೈಗೆ ಕರಕರ ಸಿಕ್ಕರೆ ತಂತಿಯ ಎಳೆಗಳು ತುಂಡಾಗಿವೆ. ಒಂದೇ ಸಮ ಭಾರ ಸಿಕ್ಕರೆ ತುಕ್ಕು ಅಥವಾ ಜಿಡ್ಡು. ಒಂದೇ ಜಾಗದಲ್ಲಿ ಹಿಡಿದು ಬಿಟ್ಟರೆ ಎಲ್ಲೋ ಮುರಿ ಬಿದ್ದಿದೆ.

ಕೊನೆಗೆ ಪೆಡಲಿನ ತಲೆಯಿಂದಲೂ ಕೇಬಲ್ ಬಿಡಿಸಿ ಪೆಡಲನ್ನು ಒಂಟಿಯಾಗಿ ಆಡಿಸಿ. ಅದು ತನ್ನ ಭಾರಕ್ಕೇ ಸಲೀಸಾಗಿ ಓಲಾಡಬೇಕು.

ಇಷ್ಟು ಮಾಡಿದರೆ ಮೂರರಲ್ಲಿ ಯಾವುದು ಎಂದು ಗೊತ್ತಾಗುತ್ತದೆ. ಒಮ್ಮೊಮ್ಮೆ ಎರಡು ಕಡೆ ಚೂರು ಚೂರು ಹಿಡಿದಿರುತ್ತದೆ. ಬೇರೆ ಬೇರೆಯಾಗಿ ನೋಡಿದರೆ ಯಾವುದೂ ದೊಡ್ಡದಲ್ಲ ಅನ್ನಿಸುತ್ತದೆ, ಸೇರಿದಾಗ ಮಾತ್ರ ಪೆಡಲ್ ಕಲ್ಲು. ಆಗ ಎರಡನ್ನೂ ಸರಿ ಮಾಡಲೇಬೇಕು.

ಪೆಡಲ್ ಆಗಿದ್ದರೆ

ಸುಲಭ. ಒದ್ದೆ ಚಪ್ಪಲಿಯ ನೀರು, ಕೆಮ್ಮಣ್ಣು ಸೇರಿ ಕೀಲಿನ ಪಿನ್ ತುಕ್ಕು ಹಿಡಿದಿರುತ್ತದೆ. ಪಿನ್ ತೆಗೆದು ಮರಳುಕಾಗದದಲ್ಲಿ ಉಜ್ಜಿ, ಸ್ವಲ್ಪ ಗ್ರೀಸ್ ಹಚ್ಚಿ ಹಾಕಿ. ಬುಷ್ ಸವೆದು ಪೆಡಲ್ ಅಡ್ಡಡ್ಡ ಅಲ್ಲಾಡುತ್ತಿದ್ದರೆ ಬುಷ್ ಬದಲಿಸಿ. ಪೆಡಲ್ ಬಾಗಿ ಪಕ್ಕದ ತಗಡಿಗೆ ಉಜ್ಜುತ್ತಿದೆಯಾ ನೋಡಿ, ಉಜ್ಜಿದ ಕಡೆ ಬಣ್ಣ ಹೋಗಿ ಹೊಳೆಯುತ್ತಿರುತ್ತದೆ.

ಕೇಬಲ್ ಆಗಿದ್ದರೆ

ಇಲ್ಲಿ ಸ್ವಲ್ಪ ನಿಲ್ಲೋಣ. ಕೇಬಲ್ ಎಂದರೆ ಉಕ್ಕಿನ ಸಣ್ಣ ಎಳೆಗಳನ್ನು ಹೆಣೆದ ಒಳತಂತಿ, ಅದರ ಮೇಲೆ ಸುರುಳಿ ಸುತ್ತಿದ ಉಕ್ಕಿನ ಹೊರಕವಚ, ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ. ಗ್ಯಾರೇಜಿನಲ್ಲಿ ಇನ್ನರ್, ಔಟರ್ ಎನ್ನುತ್ತಾರೆ. ಕೆಲವು ಕೇಬಲ್‌ಗಳಲ್ಲಿ ಔಟರಿನ ಒಳಗೆ ನೈಲಾನಿನ ತೆಳು ನಳಿಗೆಯೂ ಇರುತ್ತದೆ.

ಕೇಬಲ್ ಗಟ್ಟಿಯಾಗುವುದಕ್ಕೆ ಅದರ ಉದ್ದಕ್ಕಿಂತ ಅದು ದಾರಿಯಲ್ಲಿ ಒಟ್ಟು ಎಷ್ಟು ತಿರುಗಿದೆ ಎನ್ನುವುದು ಮುಖ್ಯ. ಗೂಟಕ್ಕೆ ಹಗ್ಗ ಎರಡು ಸುತ್ತು ಹಾಕಿ ಹಿಡಿದರೆ ಎತ್ತು ಎಳೆದರೂ ಒಬ್ಬರ ಕೈಯಲ್ಲಿ ನಿಲ್ಲುತ್ತದಲ್ಲ, ಅದೇ ಲೆಕ್ಕ ಇಲ್ಲೂ. ಬಾಗು ಜಾಸ್ತಿಯಾದಷ್ಟೂ ಘರ್ಷಣೆ ಕೂಡಿಕೊಳ್ಳುವುದಿಲ್ಲ, ಗುಣಿಸಿಕೊಳ್ಳುತ್ತದೆ. ಕೇಬಲ್ ತನ್ನ ದಾರಿಯಲ್ಲಿ ಒಟ್ಟು 180 ಡಿಗ್ರಿ ತಿರುಗಿದೆ ಎಂದುಕೊಳ್ಳಿ. ಒಳಗೆ ನುಣುಪಾಗಿ ಘರ್ಷಣೆಯ ಗುಣಾಂಕ (ಉಜ್ಜುವಿಕೆ ಎಷ್ಟು ಎನ್ನುವ ಅಳತೆ) 0.1 ಇದ್ದರೆ ಕಾರ್ಬುರೇಟರ್ ತುದಿಯಲ್ಲಿ ಬೇಕಾದ ಬಲದ ಸುಮಾರು 1.4 ಪಟ್ಟು ಎಳೆದರೆ ಸಾಕು. ತುಕ್ಕು ಹಿಡಿದು ಗುಣಾಂಕ 0.3 ಆದರೆ 2.6 ಪಟ್ಟು ಎಳೆಯಬೇಕು. ಇನ್ನೊಂದು 90 ಡಿಗ್ರಿ ಬಾಗು ಸೇರಿದರೆ ಅದು ನಾಲ್ಕು ಪಟ್ಟು ದಾಟುತ್ತದೆ. ವಾಪಸ್ ಬರುವಾಗ ಸ್ಪ್ರಿಂಗ್ ಇದೇ ಘರ್ಷಣೆಯ ವಿರುದ್ಧ ಎಳೆಯಬೇಕು. ಪೆಡಲ್ ಭಾರವಾಗುವುದೂ ವಾಪಸ್ ಬರದಿರುವುದೂ ಜೊತೆಜೊತೆಗೆ ಬರುವುದು ಇದಕ್ಕೇ.

ಹಾಗಾಗಿ ಎಣ್ಣೆ ಡಬ್ಬಿ ಹುಡುಕುವ ಮುಂಚೆ ಕೇಬಲ್ ಹೋಗುವ ದಾರಿ ನೋಡಿ. ಏರ್ ಫಿಲ್ಟರ್ ತೆಗೆದು ಹಾಕುವಾಗ ಅದರ ಡಬ್ಬಿ ಕೇಬಲ್ಲಿನ ಮೇಲೆ ಕೂತಿರುವುದು ತುಂಬಾ ಸಾಮಾನ್ಯ. ಬ್ಯಾಟರಿ ಬದಲಿಸಿದವರು ವೈರುಗಳ ಜೊತೆ ಕೇಬಲ್ಲನ್ನೂ ಸೇರಿಸಿ ಟೈ ಬಿಗಿದಿರುತ್ತಾರೆ. ಗ್ಯಾಸ್ ಕಿಟ್ ಹಾಕಿಸಿದ ಗಾಡಿಗಳಲ್ಲಂತೂ ಪೈಪುಗಳಿಗೆ ಜಾಗ ಮಾಡಲು ಕೇಬಲ್ಲನ್ನು ಎಲ್ಲೆಲ್ಲಿಗೋ ತಿರುಗಿಸಿರುತ್ತಾರೆ. ಬಾಗು ಅಗಲವಾಗಿ, ಮೆತ್ತಗೆ ಇರಬೇಕು. ಮೊಣಕೈ ಮಡಚಿದ ಹಾಗೆ ಇದ್ದರೆ ಅಲ್ಲಿ ಹೊರಕವಚದ ಸುರುಳಿ ಬಾಯಿ ಬಿಟ್ಟಿರುತ್ತದೆ, ಒಳತಂತಿ ಅದರ ಅಂಚಿಗೆ ಉಜ್ಜುತ್ತಿರುತ್ತದೆ. ಕ್ಯಾಬಿನ್ನಿನಿಂದ ಎಂಜಿನ್ ಕಡೆ ದಾಟುವ ತೂತಿನಲ್ಲಿ ರಬ್ಬರ್ ಬುಷ್ ಇದೆಯಾ ನೋಡಿ. ಅದು ಬಿದ್ದುಹೋಗಿದ್ದರೆ ತಗಡಿನ ಅಂಚೇ ಕೇಬಲ್ಲನ್ನು ಕೊಯ್ಯುತ್ತಿರುತ್ತದೆ.

ಇಲಿ ಕಾಟ ಬೇರೆ. ಅಡಿಕೆ, ಭತ್ತ ಇಡುವ ಮನೆಯ ಪಕ್ಕದ ಶೆಡ್ಡಿನಲ್ಲಿ ನಾಲ್ಕು ತಿಂಗಳು ನಿಂತ ಗಾಡಿಯ ಬಾನೆಟ್ ಕೆಳಗೆ ಇಲಿ ಸಂಸಾರ ಹೂಡದಿದ್ದರೆ ಆಶ್ಚರ್ಯ. ಅದು ಮೇಲಿನ ಪ್ಲಾಸ್ಟಿಕ್ ಕಡಿದರೆ ಸುರುಳಿಯ ಸಂದಿಯಿಂದ ನೀರು ಇಳಿಯುತ್ತದೆ. ಆಗುಂಬೆ, ಹುಲಿಕಲ್ ಸುತ್ತಮುತ್ತ ಮಳೆಗಾಲದ ಗಾಳಿಯಲ್ಲಿರುವ ತೇವಕ್ಕೆ ಅಷ್ಟು ಸಾಕು, ಮೇಲೆ ಏನೂ ಕಾಣದಿದ್ದರೂ ಒಳಗೆ ಕೆಂಪು ಪುಡಿ ತುಂಬುತ್ತದೆ. ಇನ್ನರ್ ಹೊರಗೆ ಎಳೆದಾಗ ಬೆರಳಿಗೆ ಕೆಂಪು ಹತ್ತಿದರೆ ಅದೇ.

ಎಳೆ ಒಂದೇ ತುಂಡಾಗಿದ್ದರೂ ಕೇಬಲ್ ಗುಜರಿಗೆ. ಮುರಿ ಬಿದ್ದಿದ್ದರೂ ಗುಜರಿಗೆ. ಇದರಲ್ಲಿ ಉಳಿತಾಯದ ಮಾತು ಬೇಡ. ತುಂಡಾದ ಎಳೆ ಔಟರಿನ ಬಾಯಲ್ಲಿ ಸಿಕ್ಕಿಕೊಂಡರೆ ರೇಸ್ ಹಾಗೇ ನಿಲ್ಲುತ್ತದೆ.

ಬರೀ ಜಿಡ್ಡು, ಸಣ್ಣ ತುಕ್ಕು ಇದ್ದರೆ ಉಳಿಸಿಕೊಳ್ಳಬಹುದು. ಕೇಬಲ್ ಪೂರ್ತಿ ಬಿಚ್ಚಿ ಹೊರಗೆ ತನ್ನಿ. ಗಾಡಿಯಲ್ಲೇ ಇಟ್ಟು ತುದಿಗೆ ಸ್ಪ್ರೇ ಹೊಡೆಯುವುದು ಸುಮ್ನೆ ಸಮಾಧಾನಕ್ಕೆ. ತುಕ್ಕು ಬಿಡಿಸುವ ತೆಳು ಸ್ಪ್ರೇಗಳು ನೀರು ಓಡಿಸಿ ಬೇಗ ಆರಿಹೋಗುತ್ತವೆ, ನುಣುಪು ಉಳಿಯುವುದಿಲ್ಲ. ಅದನ್ನು ತೊಳೆಯಲು ಬಳಸಿ, ಎಣ್ಣೆಯ ಬದಲಿಗೆ ಬೇಡ.

ಕೇಬಲ್ಲನ್ನು ಜಗಲಿಯ ಕಂಬಕ್ಕೋ ಜಂತಿಗೋ ಉದ್ದಕ್ಕೆ ನೇತು ಹಾಕಿ. ಮೇಲಿನ ತುದಿಗೆ ಸೈಕಲ್ ಟ್ಯೂಬಿನ ಸಣ್ಣ ತುಂಡು ಸಿಕ್ಕಿಸಿ ದಾರದಿಂದ ಬಿಗಿಯಾಗಿ ಕಟ್ಟಿದರೆ ಆಲಿಕೆ ಸಿದ್ಧ. ಮೊದಲು ಅದರೊಳಗೆ ಸೀಮೆಎಣ್ಣೆ ಹೊಯ್ದು ಇನ್ನರನ್ನು ಮೇಲೆ ಕೆಳಗೆ ಆಡಿಸಿ. ಕೆಳಗಿನಿಂದ ಕೆಂಪು ನೀರು ನಿಂತು ತಿಳಿ ಬರುವವರೆಗೆ ಹೊಯ್ಯಿರಿ. ಪಂಕ್ಚರ್ ಅಂಗಡಿ ಹತ್ತಿರ ಇದ್ದರೆ ಗಾಳಿ ಹೊಡೆಸಿ ಒಣಗಿಸಿ, ಇಲ್ಲದಿದ್ದರೆ ಬಿಸಿಲಿಗೆ ಬಿಡಿ. ಆಮೇಲೆ ಹೊಲಿಗೆ ಯಂತ್ರದ ತೆಳು ಎಣ್ಣೆ ಹಾಕಿ ರಾತ್ರಿಯಿಡೀ ಇಳಿಯಲು ಬಿಡಿ. ಔಟರಿನ ತುದಿಯಲ್ಲಿ ಬಿಳಿ ನೈಲಾನ್ ನಳಿಗೆ ಇಣುಕುತ್ತಿದ್ದರೆ ಸೀಮೆಎಣ್ಣೆಯೂ ಬೇಡ, ಗ್ರೀಸೂ ಬೇಡ. ಅದು ಒಣಗಿದ್ದೇ ಜಾರುವ ಹಾಗೆ ಮಾಡಿರುವುದು. ಒರೆಸಿ ಸ್ವಚ್ಛ ಮಾಡಿ ಹಾಕಿ, ಗಟ್ಟಿಯಾಗೇ ಇದ್ದರೆ ಬದಲಿಸಿ.

ಕೊಬ್ಬರಿ ಎಣ್ಣೆಯ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ನಮ್ಮ ಕಡೆ ಅದು ಎಲ್ಲದಕ್ಕೂ ಮದ್ದು. ಬಾಗಿಲ ತಿರುಗಣಿಗೆ ಹಾಕಿದ್ದು ಕೇಬಲ್ಲಿಗೂ ಬೀಳುತ್ತದೆ. ಹಾಕಿದ ದಿನ ಪೆಡಲ್ ಹೂವಿನ ಹಾಗೆ ಹಗುರ. ಆದರೆ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಬೆಳಿಗ್ಗೆ ತೀರ್ಥಹಳ್ಳಿ, ಹೊಸನಗರದಲ್ಲಿ 20 ಡಿಗ್ರಿಯೂ ಇರುವುದಿಲ್ಲ. ಬಚ್ಚಲಿನ ಬಾಟಲಿಯಲ್ಲಿ ಎಣ್ಣೆ ಬೆಳ್ಳಗೆ ಗಟ್ಟಿಯಾಗಿರುವಾಗ ಕೇಬಲ್ಲಿನ ಒಳಗಿನದ್ದೂ ಹಾಗೇ ಇರುತ್ತದೆ. ಗಾಡಿ ಮೆಕ್ಯಾನಿಕ್ಕಿನ ಹತ್ತಿರ ಹೋಗುವ ಹೊತ್ತಿಗೆ ಎಂಜಿನ್ನಿನ ಶಾಖಕ್ಕೆ ಕರಗಿ ಸರಿಯಾಗಿರುತ್ತದೆ. ಅವನು ಒತ್ತಿ ನೋಡಿ "ಏನೂ ಇಲ್ಲವಲ್ಲ ಭಟ್ರೇ" ಎಂದು ಕಳಿಸುತ್ತಾನೆ. ಮರುದಿನ ಬೆಳಿಗ್ಗೆ ಮತ್ತದೇ ಕಥೆ. ಹಾಕಿದ್ದರೆ ಸೀಮೆಎಣ್ಣೆಯಲ್ಲಿ ತೊಳೆದು ತೆಗೆಯಿರಿ. ಗಟ್ಟಿ ಗ್ರೀಸ್ ತುಂಬಿದವರಿಗೂ ಇದೇ ಮಾತು.

ಕಾರ್ಬುರೇಟರ್ ಆಗಿದ್ದರೆ

ಹೆಚ್ಚಾಗಿ ಲಿವರಿನ ದಂಡ ಹಾದುಹೋಗುವ ತೂತಿನಲ್ಲಿ ಹಳೆ ಪೆಟ್ರೋಲ್ ಆರಿ ಕಂದು ಅಂಟಾಗಿ ಕೂತಿರುತ್ತದೆ. ಕಾರ್ಬುರೇಟರ್ ಕ್ಲೀನರ್ ಹೊಡೆದು ಲಿವರ್ ಆಡಿಸುತ್ತಾ ಹೋದರೆ ಬಿಡುತ್ತದೆ. ಆಮೇಲೆ ಒಂದು ಹನಿ ಎಣ್ಣೆ. ಬೀಡಿ ಸಿಗರೇಟು ದೂರ ಇರಲಿ.

ಮೊದಲ ಚೂರು ಹಿಡಿದು ಜಿಗಿಯುವ ದೂರಿಗೆ ಬೇರೆ ಕಾರಣ. ಲಿವರ್ ತಿರುಗಿದಾಗ ಒಳಗೆ ಗಾಳಿಯ ದಾರಿ ತೆರೆದು ಮುಚ್ಚುವ ಬಿಲ್ಲೆ ಪೂರ್ತಿ ಮುಚ್ಚಿ ಗೋಡೆಗೆ ಕಚ್ಚಿಕೊಳ್ಳದಿರಲಿ ಎಂದು ಒಂದು ತಡೆ ಸ್ಕ್ರೂ ಇರುತ್ತದೆ. ಯಾರೋ ಐಡಲ್ (ಪೆಡಲ್ ಒತ್ತದಿದ್ದಾಗ ಎಂಜಿನ್ ಓಡುವ ವೇಗ) ಇಳಿಸಲು ಅದನ್ನು ತೀರಾ ಹಿಂದೆ ತಿರುಗಿಸಿದ್ದರೆ ಬಿಲ್ಲೆ ಗೋಡೆಗೆ ಸಿಕ್ಕಿಕೊಳ್ಳುತ್ತದೆ. ಎಂಜಿನ್ ಓಡುವಾಗ ಒಳಗಿನ ನಿರ್ವಾತ ಅದನ್ನು ಇನ್ನೂ ಬಿಗಿಯಾಗಿ ಎಳೆದು ಹಿಡಿಯುತ್ತದೆ. ಸ್ಕ್ರೂ ಚೂರು ಒಳಗೆ ತಿರುಗಿಸಿ, ಐಡಲ್ ಸರಿ ಮಾಡಿಕೊಳ್ಳಿ. ದಂಡವೇ ಸವೆದು ಅಲ್ಲಾಡುತ್ತಿದ್ದರೆ ಕಾರ್ಬುರೇಟರ್ ಕೆಲಸ ಗೊತ್ತಿರುವವರಿಗೆ ಕೊಡಿ, ಅದು ಅಂಗಳದಲ್ಲಿ ಆಗುವುದಲ್ಲ.

ವಾಪಸ್ ಬರಲಿಲ್ಲ ಎಂದು ಇನ್ನೊಂದು ಗಟ್ಟಿ ಸ್ಪ್ರಿಂಗ್ ಸಿಕ್ಕಿಸಿ ಕಳಿಸುವವರಿದ್ದಾರೆ. ನನಗೆ ಇದು ಕಂಡರೇ ಆಗುವುದಿಲ್ಲ. ಘರ್ಷಣೆ ಅಲ್ಲೇ ಇದೆ, ಈಗ ಕಾಲಿಗೂ ಭಾರ, ಕೇಬಲ್ಲಿಗೂ ಎಳೆತ ಜಾಸ್ತಿ, ಬೇಗ ಹರಿಯುತ್ತದೆ. ನಿಮ್ಮ ಗಾಡಿಯ ಪೆಡಲ್ ಭಾರ ಇದ್ದೂ ಟಪಕ್ಕನೆ ವಾಪಸ್ ಬರುತ್ತಿದ್ದರೆ ಇಂಥ ಸ್ಪ್ರಿಂಗ್ ಇದೆಯಾ ಎಂದು ಹುಡುಕಿ. ಕಂಪನಿಯ ಸ್ಪ್ರಿಂಗ್ ಮುರಿದಿದ್ದರೆ ಅಂಥದ್ದೇ ಹೊಸದು ಹಾಕಿ.

ಹೊಸ ಕೇಬಲ್ ತರುವಾಗ, ಹಾಕುವಾಗ

ಹಳೆ ಕೇಬಲ್ ಕೈಯಲ್ಲಿ ಹಿಡಿದುಕೊಂಡೇ ಶಿವಮೊಗ್ಗದ ಅಂಗಡಿಗೆ ಹೋಗಿ. ಕಾರ್ಬುರೇಟರ್ ಗಾಡಿಯದ್ದು, ಎಂಪಿಎಫ್‌ಐ ಗಾಡಿಯದ್ದು ಬೇರೆ ಬೇರೆ. ಎರಡನ್ನೂ ಪಕ್ಕಪಕ್ಕ ಇಟ್ಟು ಔಟರ್ ಉದ್ದ ನೋಡಿ, ಅದಕ್ಕಿಂತ ಮುಖ್ಯವಾಗಿ ಇನ್ನರ್ ಹೊರಗೆ ಎಷ್ಟು ಚಾಚಿದೆ ನೋಡಿ, ತುದಿಯ ಗುಂಡಿನ ಆಕಾರ ನೋಡಿ. ಕೌಂಟರಿನ ಮೇಲೇ ಕೇಬಲ್ಲನ್ನು ಒಂದು ಸುತ್ತು ಬಾಗಿಸಿ ಹಿಡಿದು ಇನ್ನರ್ ಎಳೆಯಿರಿ. ನೇರ ಇಟ್ಟರೆ ಎಲ್ಲ ಕೇಬಲ್ಲೂ ಸಲೀಸು, ಬಾಗಿಸಿದಾಗ ಡ್ಯೂಪ್ಲಿಕೇಟಿನ ಬಣ್ಣ ಬಯಲಾಗುತ್ತದೆ.

ಪೆಡಲ್ ಕಡೆಯಿಂದ ಶುರು ಮಾಡಿ ಹಳೆ ದಾರಿಯಲ್ಲೇ ಹಾಕಿ, ಹಳೆ ದಾರಿ ಸರಿ ಇದ್ದರೆ ಮಾತ್ರ. ಕಾರ್ಬುರೇಟರ್ ಕಡೆ ಬ್ರಾಕೆಟ್ಟಿನಲ್ಲಿ ಔಟರನ್ನು ಹಿಡಿದಿಡುವ ಎರಡು ನಟ್ ಇರುತ್ತವೆ. ಪೆಡಲ್ ಬಿಟ್ಟಾಗ ಇನ್ನರಿನಲ್ಲಿ ಕೆಲವು ಮಿಲಿಮೀಟರ್ ಸಡಿಲ ಉಳಿಯುವ ಹಾಗೆ ಬಿಗಿಯಿರಿ. ಸಡಿಲವೇ ಇಲ್ಲದಿದ್ದರೆ ಎಂಜಿನ್ ಅಲುಗಿದಾಗೆಲ್ಲ ರೇಸ್ ಏರುತ್ತದೆ. ತೀರಾ ಸಡಿಲ ಇದ್ದರೆ ಪೆಡಲ್ ನೆಲ ಮುಟ್ಟಿದರೂ ಲಿವರ್ ಪೂರ್ತಿ ತೆರೆಯುವುದಿಲ್ಲ, ಘಾಟಿ ಹತ್ತುವಾಗ ಗಾಡಿಗೆ ದಮ್ಮೇ ಇಲ್ಲ ಅನ್ನಿಸುತ್ತದೆ. ಒಬ್ಬರು ಪೆಡಲ್ ಪೂರ್ತಿ ಒತ್ತಿ ಹಿಡಿಯಲಿ, ನೀವು ಲಿವರ್ ಕೊನೆಯ ತಡೆಗೆ ಮುಟ್ಟಿತಾ ಎಂದು ನೋಡಿ. ಚೋಕ್ (ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಲು ಎಳೆಯುವ ಗುಬ್ಬಿ) ಎಳೆದಾಗ, ಬಿಟ್ಟಾಗ, ಎರಡೂ ಸಲ ವಾಪಸ್ ಬರುವುದನ್ನು ಪರೀಕ್ಷಿಸಿ.

ಎಲ್ಲ ಮುಗಿದ ಮೇಲೆ ಏರ್ ಕ್ಲೀನರ್ ಕೂರಿಸಿ ಮತ್ತೊಮ್ಮೆ ಪೆಡಲ್ ಒತ್ತಿ. ಬಾನೆಟ್ ಮುಚ್ಚಿ ಇನ್ನೊಮ್ಮೆ ಒತ್ತಿ. ಎಂಜಿನ್ ಸ್ಟಾರ್ಟ್ ಮಾಡಿ ರೇಸ್ ಕೊಟ್ಟು ಬಿಡಿ. ಕ್ಲಚ್ ಬಿಡುವಾಗ ಎಂಜಿನ್ ವಾಲಿ ರೇಸ್ ತಾನಾಗಿ ಏರಿಳಿದರೆ ಎಂಜಿನ್ ಮೌಂಟಿಂಗ್ ರಬ್ಬರ್ ಹೋಗಿದೆ, ಅದನ್ನು ಬದಲಿಸದೆ ಹೊಸ ಕೇಬಲ್ಲೂ ಬಾಳುವುದಿಲ್ಲ. ಮೊದಲ ಓಟ ಊರೊಳಗಿನ ಸಮ ರಸ್ತೆಯಲ್ಲಿ ಇರಲಿ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಒಂದು ಸಲ, ರಾತ್ರಿ ತಣ್ಣಗಾಗಿ ಬೆಳಿಗ್ಗೆ ಒಂದು ಸಲ ಪೆಡಲ್ ನೋಡಿ, ಆಮೇಲೆ ಘಾಟಿ ಇಳಿಯಿರಿ.

ಕಾಡಿನ ದಾರಿಯಲ್ಲಿ, ಸಿಗ್ನಲ್ ಇಲ್ಲದ ಕಡೆ ಕೇಬಲ್ ಹರಿದೇ ಹೋದರೆ ಐಡಲ್ ಸ್ಕ್ರೂ ತಿರುಗಿಸಿ ರೇಸ್ ಸ್ವಲ್ಪ ಏರಿಸಿ, ಒಂದನೇ ಗೇರಿನಲ್ಲೋ ಎರಡನೇ ಗೇರಿನಲ್ಲೋ ಮೆಲ್ಲಗೆ ಹತ್ತಿರದ ಊರು ಮುಟ್ಟಬಹುದು. ನಿಲ್ಲಿಸಬೇಕಾದಾಗ ಕ್ಲಚ್, ಬ್ರೇಕ್, ಕೀಲಿ. ಇಳಿಜಾರು ಇದ್ದರೆ ಇದೂ ಬೇಡ. ಬಸ್ಸು ಹಿಡಿದು ಹೋಗಿ ಕೇಬಲ್ ತನ್ನಿ.